ಹಳೇ ಸ್ನೋ ಬ್ಲೋವರಿಗೆ ಹೊಸ ಟೈರು: ದಪ್ಪ ನೋಡ್ಬೇಡಿ, ಮೆದು ನೋಡಿ

ಟೈರಿನ ಬಗ್ಗೆ ಬರೀತೀನಿ ಅಂದ ಕೂಡಲೇ ನಿಮ್ಮಲ್ಲಿ ಅರ್ಧಕ್ಕರ್ಧ ಜನ ಪಕ್ಕದ ಬ್ಲಾಗಿಗೆ ಜಿಗಿದುಬಿಡ್ತೀರಿ ಅಂತ ಗೊತ್ತು. ಅದರಲ್ಲೂ ಸ್ನೋ ಬ್ಲೋವರಿನ ಟೈರು! ಬೆಂಗಳೂರಲ್ಲೋ ಶಿವಮೊಗ್ಗದಲ್ಲೋ ಕೂತು ಓದೋರಿಗೆ ಇದರಿಂದ ಏನುಪಯೋಗ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಹಿಮ ಬೀಳೋ ಊರುಗಳಲ್ಲಿ ಮನೆ ಮಾಡಿಕೊಂಡಿರೋ ಕನ್ನಡದವರು ಈಗ ಕಡಿಮೆ ಏನಿಲ್ಲ. ಅವರಿಗೆ ನಾಲ್ಕು ಕಾಸು ಉಳಿದೀತು, ಸೊಂಟವೂ ಉಳಿದೀತು. ಉಳಿದವರು ನಮ್ಮ ಪಾಡು ನೋಡಿ ನಕ್ಕರೆ ಅದೂ ಲಾಭವೇ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ, ಆಮೇಲೆ ಜಗಳಕ್ಕೆ ಬನ್ನಿ. ಹಳೇ ಸ್ನೋ ಬ್ಲೋವರಿಗೆ ಟೈರು ಬದಲಾಯಿಸೋವಾಗ ಎಲ್ರೂ ದೊಡ್ಡದು, ದಪ್ಪದ್ದು, ಟ್ರ್ಯಾಕ್ಟರಿನ ಹಾಗೆ ಗಟ್ಟಿ ಹಲ್ಲಿರೋದು ಹುಡುಕ್ತಾರೆ. ಬೇಡ. ಯಂತ್ರದ ಜೊತೆ ಬಂದ ಅಳತೆಯದ್ದೇ ತಗೊಳ್ಳಿ, ರಬ್ಬರು ಮೆದುವಾಗಿರಲಿ, ಎರಡನ್ನೂ ಒಟ್ಟಿಗೇ ಬದಲಾಯಿಸಿ. ಇಷ್ಟೇ. ಯಾಕೆ ಅಂತ ಹೇಳೋದಕ್ಕೆ ಈ ಉದ್ದನೆಯ ಬರಹ.

*

ನಾನಿರೋದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಹತ್ರ. ನ್ಯೂಯಾರ್ಕ್ ಅಂದ ಕೂಡಲೇ ಟೈಮ್ಸ್ ಸ್ಕ್ವೇರ್ ನೆನಪು ಮಾಡ್ಕೋಬೇಡಿ, ಅದು ಇಲ್ಲಿಂದ ಕಾರಲ್ಲಿ ಐದಾರು ಗಂಟೆ ದೂರ. ನಮಗೆ ಹತ್ತಿರ ಇರೋದು ಒಂಟಾರಿಯೋ ಸರೋವರ. ಚಳಿಗಾಲದಲ್ಲಿ ಅದರ ಮೇಲೆ ಹಾದು ಬರೋ ತಣ್ಣನೆ ಗಾಳಿ ನೀರಿನ ಆವಿ ಹೀರಿಕೊಂಡು ಬಂದು ದಡದ ಊರುಗಳ ಮೇಲೆ ಹಿಮವಾಗಿ ಸುರಿದು ಹೋಗುತ್ತೆ. ರಾಚೆಸ್ಟರಿಗೆ ವರ್ಷಕ್ಕೆ ಸರಾಸರಿ 100 ಇಂಚಿನ ಆಸುಪಾಸು. ಇದೇ ಕಥೆ ಈರೀ ಸರೋವರದ ದಡದ ಬಫಲೋದ್ದು. 2022ರ ನವೆಂಬರಿನಲ್ಲಿ ಬಫಲೋ ಪಕ್ಕದ ಆರ್ಚರ್ಡ್ ಪಾರ್ಕಿನಲ್ಲಿ ಒಂದೇ ಬಿರುಗಾಳಿಗೆ 80 ಇಂಚು ಹತ್ತಿರ ಬಿತ್ತು. ಆರಡಿ ಆಳಿನ ತಲೆ ಮೇಲೆ ಇನ್ನೂ ಎಂಟು ಇಂಚು, ಲೆಕ್ಕ ಹಾಕಿ.

ಇಂಥ ಕಡೆ ಸಲಿಕೆ ಹಿಡಿದು ನಿಂತರೆ ಆಗೋ ಕೆಲಸ ಅಲ್ಲ. ಅದಕ್ಕೇ ಸ್ನೋ ಬ್ಲೋವರ್. ನೋಡದೇ ಇದ್ದೋರಿಗೆ ಹೇಳೋದಾದ್ರೆ, ನಮ್ಮೂರ ಗದ್ದೆಯಲ್ಲಿ ಓಡೋ ಪವರ್ ಟಿಲ್ಲರ್ ನೋಡಿದ್ದೀರಲ್ಲ, ಅದರ ದೂರದ ದಾಯಾದಿ ಅನ್ಕೊಳ್ಳಿ. ಎರಡು ಚಕ್ರ, ಎರಡು ಹ್ಯಾಂಡಲ್ಲು, ನಡುವೆ ಎಂಜಿನ್ನು, ಹಿಂದೆ ನಡೀತಾ ಹೋಗೋ ಮನುಷ್ಯ. ಟಿಲ್ಲರ್ ಹಿಂದುಗಡೆ ಮಣ್ಣು ಕಲಸಿದ್ರೆ ಇದು ಮುಂದುಗಡೆ ಹಿಮ ಬಾಚಿ ತಿರುಪಿನ ಆಗರ್‌ನಿಂದ ನಡುವಿಗೆ ಎಳೆದು, ಒಳಗಿರೋ ಫ್ಯಾನಿನಂಥ ಇಂಪೆಲ್ಲರಿನಿಂದ ಚಿಮಣಿಯ ಮೂಲಕ ದೂರ ಎಸೆಯುತ್ತೆ. ಹೀಗೆ ಎರಡು ಹಂತದಲ್ಲಿ ಮಾಡೋದ್ರಿಂದ ಟೂ-ಸ್ಟೇಜ್ ಅಂತಾರೆ. ಕೆನಡಾದ ಕ್ವಿಬೆಕ್ಕಿನ ಆರ್ಥರ್ ಸಿಕಾರ್ಡ್ 1925ರಲ್ಲಿ ರಸ್ತೆ ತೆರವು ಮಾಡೋ ದೊಡ್ಡ ಯಂತ್ರ ಕಟ್ಟಿದ. ಮನೆ ಮಂದಿ ಕೈಯಲ್ಲಿ ನಡೆಸೋಂಥ ಯಂತ್ರಗಳು ಮನೆಮಾತಾಗಿದ್ದು ಆಮೇಲೆ. ವಿಸ್ಕಾನ್ಸಿನ್ನಿನ ಬ್ರಿಲಿಯನ್ ಊರಿನ ಏರಿಯನ್ಸ್ ಕಂಪನಿ ತನ್ನ ಮೊದಲ ಸ್ನೋ-ಥ್ರೋ ತಂದಿದ್ದು 1960ರಲ್ಲಿ. ಆ ಕಾಲದ ಯಂತ್ರಗಳು ಇವತ್ತಿಗೂ ಇಲ್ಲಿನ ಗರಾಜುಗಳಲ್ಲಿ ಕೆಲಸ ಮಾಡ್ತಿವೆ ಅಂದ್ರೆ ನಂಬಿ. ನನ್ನ ಹತ್ರ ಇರೋದು 1980ರ ದಶಕದ್ದು, 24 ಇಂಚು ಬಾಯಿ, 4.80-8 ಅಳತೆಯ ಟೈರು.

*

ಈಗ ಟೈರಿನ ಮೇಲೆ ಇಷ್ಟು ತಲೆ ಯಾಕೆ ಕೆಡಿಸ್ಕೋಬೇಕು?

ಸ್ನೋ ಬ್ಲೋವರ್ ಕೊಳ್ಳೋದೇ ನಾವು ತಳ್ಳಬಾರದು ಅಂತ. ಟೈರು ಜಾರಿದ ಕ್ಷಣಕ್ಕೆ ನೀವೇ ಎಂಜಿನ್ನು. ಸುಮಾರು 100 ಕೆಜಿ ತೂಗೋ ಕಬ್ಬಿಣವನ್ನ ಬೆಳಿಗ್ಗೆ ಆರು ಗಂಟೆಗೆ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ಎದೆ ಒತ್ತಿ ತಳ್ಳಬೇಕು. ಚಳಿಗೆ ರಕ್ತನಾಳ ಬಿಗಿಯಾಗಿರುತ್ತೆ, ಬಿಪಿ ಏರಿರುತ್ತೆ, ಅದರ ಮೇಲೆ ಈ ಸರ್ಕಸ್ಸು. ಹಿಮ ಎತ್ತೋವಾಗ ಹೃದಯಾಘಾತ ಆಗೋದರ ಬಗ್ಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಚಳಿಗಾಲ ಬಂದಾಗ ಎಚ್ಚರಿಸ್ತಾನೇ ಇರುತ್ತೆ, ಭಾರದ ಸ್ನೋ ಬ್ಲೋವರ್ ತಳ್ಳೋದನ್ನೂ ಸೇರಿಸಿ. ನಲವತ್ತೈದು ದಾಟಿದ, ದಿನವಿಡೀ ಕಂಪ್ಯೂಟರ್ ಮುಂದೆ ಕೂರೋ ನಮ್ಮಂಥ ದಕ್ಷಿಣ ಭಾರತದ ಹೊಟ್ಟೆಗಳಿಗೆ ಇದು ಬೇರೆಯವರ ಸಮಸ್ಯೆ ಅಲ್ಲ ಸ್ವಾಮಿ.

ಇನ್ನೊಂದು, ಇಳಿಜಾರು. ನನ್ನ ಡ್ರೈವ್‌ವೇ ರಸ್ತೆ ಕಡೆಗೆ ಇಳಿಯುತ್ತೆ. ಕೆಳಗೆ ಹೋಗೋವಾಗ ಹಿಡಿತ ಇಲ್ಲದ ಟೈರು ಬ್ರೇಕೂ ಆಗಲ್ಲ. ಯಂತ್ರ ಜಾರ್ತಾ ಹೋಗಿ ರಸ್ತೆಗೆ ಮೂತಿ ಹಾಕಿ ನಿಲ್ಲುತ್ತೆ, ಅದೇ ಹೊತ್ತಿಗೆ ಪ್ಲೋ ಟ್ರಕ್ಕು ಬಂತು ಅಂದ್ರೆ ಆಟ ಮುಗೀತು. ಆ ಟ್ರಕ್ಕಿನದ್ದೇ ಇನ್ನೊಂದು ಉಪಕಾರ ಇದೆ. ರಸ್ತೆಯ ಹಿಮ ಎಲ್ಲ ಬಾಚಿ ನಮ್ಮ ಡ್ರೈವ್‌ವೇ ಬಾಯಿಗೆ ಮೊಣಕಾಲೆತ್ತರದ ಗೋಡೆ ಕಟ್ಟಿ ಹೋಗುತ್ತೆ. ಉಪ್ಪು, ಕೊಚ್ಚೆ, ಮಂಜುಗಡ್ಡೆ ಎಲ್ಲ ಸೇರಿದ ಗಟ್ಟಿ ಗೋಡೆ. ಟೈರಿನ ನಿಜವಾದ ಪರೀಕ್ಷೆ ನಡೆಯೋದೇ ಅಲ್ಲಿ.

*

ಟೈರು ಕೊಳ್ಳೋ ಮುಂಚೆ ತಪ್ಪು ಟೈರಿನದ್ದೇನಾ ಅಂತ ಖಾತ್ರಿ ಮಾಡ್ಕೊಳ್ಳಿ. ಯಂತ್ರ ಮುಂದೆ ಹೋಗದೆ ನಿಂತಾಗ ಚಕ್ರ ನೋಡಿ. ಚಕ್ರ ನಿಂತ ಜಾಗದಲ್ಲೇ ಗಿರ್ರ್ ಅಂತ ತಿರುಗ್ತಿದ್ರೆ ಟೈರಿನ ಹಿಡಿತ ಸಾಲದು. ಎಂಜಿನ್ನು ಓಡ್ತಿದೆ, ಲಿವರ್ ಒತ್ತಿದ್ದೀರಿ, ಆದ್ರೂ ಚಕ್ರವೇ ತಿರುಗ್ತಿಲ್ಲ ಅಂದ್ರೆ ರೋಗ ಒಳಗಿದೆ, ಟೈರು ಹಾಕಿದ್ರೆ ವಾಸಿ ಆಗಲ್ಲ.

ಒಳಗೇನಿದೆ ಅಂತ ಒಂಚೂರು ಹೇಳ್ತೀನಿ, ಮುಂದಿನ ಮಾತಿಗೆ ಬೇಕು. ಹಳೇ ಯಂತ್ರಗಳಲ್ಲಿ ಹೆಚ್ಚಿನವುಗಳ ಗೇರು ಅಂದ್ರೆ ಫ್ರಿಕ್ಷನ್ ಡಿಸ್ಕ್. ಎಂಜಿನ್ನು ಒಂದು ಲೋಹದ ತಟ್ಟೆಯನ್ನ ತಿರುಗಿಸುತ್ತೆ. ಆ ತಟ್ಟೆಯ ಮುಖಕ್ಕೆ ಅಂಚಿಗೆ ರಬ್ಬರು ಸುತ್ತಿದ ಒಂದು ಚಕ್ರ ಲಂಬವಾಗಿ ಒತ್ತಿಕೊಂಡಿರುತ್ತೆ, ಗ್ರಾಮಫೋನ್ ತಟ್ಟೆ ಮೇಲೆ ಆಟಿಕೆ ಕಾರಿನ ಚಕ್ರ ಇಟ್ಟ ಹಾಗೆ. ತಟ್ಟೆಯ ನಡುವಿನ ಹತ್ರ ಇದ್ರೆ ನಿಧಾನ, ಅಂಚಿಗೆ ಸರಿಸಿದ್ರೆ ಜೋರು, ನಡುವನ್ನ ದಾಟಿಸಿ ಆಚೆ ಬದಿಗೆ ಒಯ್ದ್ರೆ ರಿವರ್ಸು. ಎಂಥ ಸರಳ ಬುದ್ಧಿ ನೋಡಿ! ಆದ್ರೆ ಇಡೀ ಯಂತ್ರದ ಬಲ ಚಕ್ರಕ್ಕೆ ಹೋಗೋದು ಆ ಬೆರಳಗಲದ ರಬ್ಬರಿನ ಉಜ್ಜುವಿಕೆಯಿಂದ ಮಾತ್ರ. ಅದು ಸವೆದಿದ್ರೆ, ಎಣ್ಣೆ ತಾಗಿದ್ರೆ, ಜಾರುತ್ತೆ. ಮೊದಲು ಅದನ್ನ ಸರಿ ಮಾಡಿ.

*

ಈಗ ಅಂಗಡಿಗೆ ಬನ್ನಿ. ಊರ ಹೆಸರೂ ಬೇಡ, ಅಂಗಡಿ ಹೆಸರೂ ಬೇಡ. ನನ್ನ ಸವೆದ ಟೈರು ನೋಡಿದ ಹುಡುಗ ಹೇಳಿದ್ದು ಎರಡು ಮಾತು. "ಇಷ್ಟು ಹಳೇದಕ್ಕೆ ಟೈರಾ? ಹೊಸ ಯಂತ್ರ ತಗೊಳ್ಳಿ." ನಾನು ಅಲುಗಾಡದೆ ನಿಂತಿದ್ದಕ್ಕೆ, "ಹಾಗಾದ್ರೆ ಇದಕ್ಕಿಂತ ದೊಡ್ಡದು ಹಾಕಿ, ಹಿಡಿತ ಜಾಸ್ತಿ." ಎರಡೂ ಮಾತು ನನಗೆ ಒಪ್ಪಿಗೆ ಇಲ್ಲ. ಮೊದಲನೇದರ ಬಗ್ಗೆ ಕೊನೆಯಲ್ಲಿ ಹೇಳ್ತೀನಿ. ಎರಡನೇದು ಈಗ.

4.80-8 ಅಂದ್ರೆ ಟೈರಿನ ಅಗಲ 4.8 ಇಂಚು, ರಿಮ್ಮಿನ ವ್ಯಾಸ 8 ಇಂಚು, ಹೊರಗಿನ ಒಟ್ಟು ವ್ಯಾಸ ಹತ್ತಿರ ಹತ್ತಿರ 16 ಇಂಚು. ಇದರ ಬದಲು 18 ಇಂಚಿನದ್ದು ಹಾಕಿದ್ರಿ ಅನ್ಕೊಳ್ಳಿ. ಚಕ್ರ ಒಂದು ಸುತ್ತು ಬಂದಾಗ ಎಂಟನೇ ಒಂದು ಭಾಗ ಹೆಚ್ಚು ದೂರ ಹೋಗುತ್ತೆ, ಎಳೆಯೋ ಬಲ ಅಷ್ಟರ ಮಟ್ಟಿಗೆ ತಗ್ಗುತ್ತೆ. ಒದ್ದೆ ಹಿಮದಲ್ಲಿ ಬೇಕಾಗಿರೋದು ಆಮೆ ನಡಿಗೆ, ಇಂಪೆಲ್ಲರು ನುಂಗೋಕೆ ಪುರುಸೊತ್ತು ಕೊಡಬೇಕಲ್ಲ. ನೀವು ಮೊದಲ ಗೇರನ್ನೇ ಜೋರು ಮಾಡಿ, ಜೊತೆಗೆ ಆ ಬಡಪಾಯಿ ಫ್ರಿಕ್ಷನ್ ರಬ್ಬರಿನ ಮೇಲೆ ಹೊರೆ ಏರಿಸಿದ್ರಿ. ಇಷ್ಟೇ ಅಲ್ಲ, ಹಿಂಭಾಗ ಒಂದಿಂಚು ಮೇಲೆದ್ದು ಮೂತಿ ಕೆಳಕ್ಕೆ ಬಾಗುತ್ತೆ. ಬಾಯಿಯ ಹಿಂದಿನ ಅಂಚಿನಲ್ಲಿ ನೆಲ ಕೆರೆಯೋ ಪಟ್ಟಿ ಇರುತ್ತಲ್ಲ, ಅದು ನೆಲ ಬಿಟ್ಟು ಏಳುತ್ತೆ. ಆಮೇಲೆ ಅಡಿಯಲ್ಲಿ ಹಿಮದ ತೆಳು ಪದರ ಉಳಿಯುತ್ತೆ, ಸಂಜೆಗೆ ಅದೇ ಮಂಜುಗಡ್ಡೆ.

ಅಗಲದ ಟೈರಿನದ್ದು ಬೇರೆ ತಕರಾರು. ಅದಕ್ಕೆ ರಿಮ್ಮಿನ ಅಗಲವೂ ಬೇರೆ ಬೇಕು. ಒಳಬದಿ ಯಂತ್ರದ ಮೈಗೆ ಉಜ್ಜೀತು, ಹೊರಬದಿ ಬಾಯಿಯ ಅಗಲ ಮೀರಿ ಬಾಚದ ಹಿಮದ ಮೇಲೇ ಹತ್ತೀತು. ಸ್ನೋ ಬ್ಲೋವರ್ ಟೈರು ಓಡೋದು ಆಗಷ್ಟೇ ಬಾಚಿದ ಜಾಗದಲ್ಲಿ. ಹಿಮದ ಮೇಲೆ ತೇಲೋ ಅಗಲ ಅದಕ್ಕೆ ಬೇಕಾಗಿಲ್ಲ, ಉಳಿದ ಪದರವನ್ನ ಒತ್ತಿ ಹಿಡಿದರೆ ಸಾಕು.

*

ಅಳತೆ ಆಯ್ತು, ಇನ್ನು ರಬ್ಬರು. ನನ್ನ ಪ್ರಕಾರ ಇಡೀ ವ್ಯವಹಾರದ ಗುಟ್ಟು ಇಲ್ಲೇ ಇರೋದು.

ಟಿಲ್ಲರಿನ ಮಾತಿಗೆ ವಾಪಸ್ ಬರೋಣ. ಗದ್ದೆ ಕೆಸರು ಮಾಡೋವಾಗ ರಬ್ಬರು ಚಕ್ರ ಬಿಚ್ಚಿ ಕಬ್ಬಿಣದ ಕೇಜ್ ವೀಲ್ ಹಾಕ್ತಾರೆ. ಕೆಸರಲ್ಲಿ ಅದು ರಾಜ. ಅದನ್ನೇ ಹಾಕ್ಕೊಂಡು ಪಾಚಿ ಕಟ್ಟಿದ ಕಲ್ಲು ಹಾಸಿನ ಮೇಲೆ ಬನ್ನಿ ನೋಡೋಣ, ಚಕ್ರ ಕಿರುಗುಟ್ಟುತ್ತೆ, ಗಾಡಿ ಹಿಂದಕ್ಕೆ ಜಾರುತ್ತೆ. ಕೆಸರಿನಲ್ಲಿ ಹಿಡಿತ ಬರೋದು ಹಲ್ಲು ಮಣ್ಣಿಗೆ ಇಳಿಯೋದ್ರಿಂದ. ಹಲ್ಲು ಇಳಿಯದ ಗಟ್ಟಿ ನೆಲದಲ್ಲಿ ಹಿಡಿತ ಬರೋದು ರಬ್ಬರು ನೆಲಕ್ಕೆ ಅಪ್ಪಿಕೊಳ್ಳೋದ್ರಿಂದ. ಡ್ರೈವ್‌ವೇ ಗದ್ದೆಯಲ್ಲ. ಮೇಲೆ ಹಿಮ ಇದ್ರೂ ಕೆಳಗೆ ಇರೋದು ಡಾಂಬರು, ಕಾಂಕ್ರೀಟು, ಅದರ ಮೇಲೆ ಗಾಜಿನಂಥ ಪದರ. ಅಲ್ಲಿ ಟ್ರ್ಯಾಕ್ಟರಿನ ದೊಡ್ಡ ಹಲ್ಲಿನ ಟೈರು ನಾಲ್ಕು ತುದಿಗಳ ಮೇಲೆ ಮಾತ್ರ ನಿಂತಿರುತ್ತೆ. ಲಾನ್ ಮೂವರಿನ ಸಣ್ಣ ಕಚ್ಚಿನ ಟೈರು ಇನ್ನೊಂದು ತುದಿಯ ತಪ್ಪು, ಹಿಮ ಕಚ್ಚುಗಳಲ್ಲಿ ತುಂಬಿ ಬೋಳು ಟೈರಾಗಿಬಿಡುತ್ತೆ. ಬೇಕಾಗಿರೋದು ನಡುವಿನದು: ಹಿಮ ಉದುರಿ ಹೋಗೋಷ್ಟು ಅಂತರ ಇರೋ, ಆದ್ರೆ ಅಂಚುಗಳು ಹೆಚ್ಚಿರೋ ಬ್ಲಾಕು. ಕಾರ್ಲೈಲ್ ಕಂಪನಿಯ ಎಕ್ಸ್-ಟ್ರ್ಯಾಕ್, ಸ್ನೋ ಹಾಗ್, ಕೆಂಡಾದ ಪೋಲಾರ್ ಟ್ರ್ಯಾಕ್ ಅನ್ನೋವೆಲ್ಲ ಇದೇ ಕೆಲಸಕ್ಕೆ ಅಂತ ಹುಟ್ಟಿದ ಹೆಸರುಗಳು. ಇಂಥದ್ದೇ ತಗೊಳ್ಳಿ ಅಂತ ನಾನು ಹೇಳಲ್ಲ, ಈ ಜಾತಿಯದ್ದು ಹುಡುಕಿ.

ಒಂದು ಬಲೆ ಇದೆ, ಬೀಳಬೇಡಿ. ಇದೇ 4.80-8 ಅಳತೆ ಕೈಗಾಡಿಗೂ ಇದೆ, ದೋಣಿ ಎಳೆಯೋ ಟ್ರೈಲರಿಗೂ ಇದೆ. ಅಗ್ಗಕ್ಕೆ ಸಿಗುತ್ತೆ, ರಿಮ್ಮಿಗೆ ಸರಿಯಾಗಿ ಕೂರುತ್ತೆ ಕೂಡ. ಆದ್ರೆ ಟ್ರೈಲರ್ ಟೈರು ಹೆದ್ದಾರಿಯಲ್ಲಿ ಭಾರ ಹೊರೋಕೆ ಮಾಡಿದ್ದು, 60ರಿಂದ 90 ಪಿಎಸ್‌ಐ ತಡೆಯೋ ಗಟ್ಟಿ ಪಕ್ಕೆ. ಒಂದು ಟೈರಿಗೆ 50 ಕೆಜಿ ಕೂಡ ಬೀಳದ ಸ್ನೋ ಬ್ಲೋವರಿನ ಕೆಳಗೆ ಅದು ಬಗ್ಗೋದೇ ಇಲ್ಲ. ಬಗ್ಗದ ಟೈರು ನೆಲ ಹಿಡಿಯಲ್ಲ. ಅದಕ್ಕೇ ಎರಡು ಪ್ಲೈ, ನಾಲ್ಕು ಪ್ಲೈ ಎರಡೂ ಇದ್ರೆ ನಾನು ಎರಡರ ಕಡೆಗೆ ಕೈ ಎತ್ತೋನು.

ರಬ್ಬರು ಮೆದು ಇದೆಯಾ ಅಂತ ನೋಡೋಕೆ ಪ್ರಯೋಗಾಲಯ ಬೇಡ. ಬ್ಲಾಕಿಗೆ ಉಗುರು ಒತ್ತಿ. ಸ್ವಲ್ಪ ಇಳಿದು ಮತ್ತೆ ಮೇಲೆ ಬರಬೇಕು. ಹಳೇ ಟೈರಿನ ಮೇಲೆ ಇದೇ ಪರೀಕ್ಷೆ ಮಾಡಿದ್ರೆ ಕಲ್ಲು ಒತ್ತಿದ ಹಾಗಿರುತ್ತೆ. ಕಚ್ಚು ಇನ್ನೂ ಅರ್ಧ ಉಳಿದಿದೆ ಅಂತ ಹಳೇ ಟೈರು ಇಟ್ಟುಕೊಳ್ಳೋರಿಗೆ ನಾನು ಹೇಳೋದು ಇದನ್ನೇ: ಮೂವತ್ತು ವರ್ಷ ಗಾಳಿ, ಓಝೋನು, ಬಿಸಿಲು ತಿಂದ ರಬ್ಬರು ಗಟ್ಟಿಯಾಗಿ ಸೀಳಿರುತ್ತೆ, ಚಳಿ ಬಂದಾಗ ಇನ್ನಷ್ಟು ಗಟ್ಟಿ. ಕಚ್ಚಿನ ಆಳ ನೋಡಿ ಮೋಸ ಹೋಗ್ಬೇಡಿ. ಅಂಗಡಿ ಅಟ್ಟದಲ್ಲಿ ಹತ್ತು ವರ್ಷ ಕೂತ "ಹೊಸ" ಟೈರಿಗೂ ಇದೇ ಮಾತು.

*

ಒಂದನ್ನೇ ಬದಲಾಯಿಸೋ ಜಿಪುಣತನ ಮಾತ್ರ ಮಾಡ್ಬೇಡಿ. ಹಳೇ ಯಂತ್ರಗಳಲ್ಲಿ ಎಷ್ಟೋ ಸಲ ಎರಡು ಚಕ್ರವೂ ಒಂದೇ ಗಟ್ಟಿ ಅಚ್ಚಿಗೆ ಪಿನ್ನು ಹಾಕಿ ಬಿಗಿದಿರುತ್ತೆ, ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಒಂದು ಟೈರು ಚಿಕ್ಕದು, ಒಂದು ದೊಡ್ಡದು ಆದ್ರೆ ಯಂತ್ರ ಹಠಮಾರಿ ಎತ್ತಿನ ಹಾಗೆ ಒಂದೇ ಕಡೆ ಎಳೆಯುತ್ತೆ. ಹೊಸ ಜೋಡಿ ಹಾಕಿ, ಗಾಳಿ ತುಂಬಿದ ಮೇಲೂ ಒಂದು ದಾರ ತಗೊಂಡು ಎರಡರ ಸುತ್ತಳತೆ ನೋಡಿ. ವ್ಯತ್ಯಾಸ ಇದ್ರೆ ಗಾಳಿ ಹೆಚ್ಚುಕಮ್ಮಿ ಮಾಡಿ ಸರಿಹೊಂದಿಸ್ಬಹುದು.

ಗಾಳಿ ಎಷ್ಟು? ಟೈರಿನ ಪಕ್ಕೆ ಮೇಲೆ ಬರೆದ ಗರಿಷ್ಠ ಅಂಕೆ ದಾಟೋ ಹಾಗಿಲ್ಲ, ಯಂತ್ರದ ಕೈಪಿಡಿ ಇದ್ರೆ ಅದರ ಮಾತು ಕೇಳಿ. ಸಾಮಾನ್ಯವಾಗಿ 15ರಿಂದ 20 ಪಿಎಸ್‌ಐ ನಡುವೆ ಇರುತ್ತೆ. ತುಂಬಿದ್ದು ಬೆಚ್ಚಗಿನ ಜಾಗದಲ್ಲಾದ್ರೆ ಹೊರಗೆ ಬಂದಾಗ ಇಳಿಯುತ್ತೆ ಅನ್ನೋದು ನೆನಪಿರಲಿ. 70 ಡಿಗ್ರಿ ಫ್ಯಾರನ್‌ಹೀಟಿನ ಗರಾಜಿನಲ್ಲಿ 17 ತುಂಬಿದ ಟೈರು 10 ಡಿಗ್ರಿಯ ಬೆಳಿಗ್ಗೆ ಸುಮಾರು ಹದಿಮೂರೂವರೆಗೆ ಬಂದಿರುತ್ತೆ, ತೂತು ಇಲ್ಲದೇನೇ.

ರಿಮ್ಮು ತುಕ್ಕು ಹಿಡಿದು ಅಂಚಿನಲ್ಲಿ ಗಾಳಿ ಸೋರ್ತಿದ್ರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ ಒಂದು ಟ್ಯೂಬು ಹಾಕಿ, ಸೈಕಲ್ಲಿಗೆ ಹಾಕಿದ ಹಾಗೇ. ತೂತೇ ಆಗದ ಘನ ಟೈರು ಅಂತ ಬರುತ್ತೆ, ಅದು ನನಗೆ ಸೇರಲ್ಲ. ಕೈಗಾಡಿಗೆ ಸರಿ. ಹಿಮದಲ್ಲಿ ಮೆದುತನವೇ ಬೇಕಾದ ಜಾಗಕ್ಕೆ ಗಟ್ಟಿತನ ತಂದು ಕೂರಿಸಿದ ಹಾಗೆ. ಚೈನು? ಕಡಿದಾದ ಇಳಿಜಾರು, ದಿನಗಟ್ಟಲೆ ಕರಗದ ಮಂಜುಗಡ್ಡೆ ಇರೋರಿಗೆ ಚೈನಿಗಿಂತ ಒಳ್ಳೇ ಹಿಡಿತ ಇಲ್ಲ, ಹತ್ತಿರ ಹತ್ತಿರ ಅಡ್ಡಪಟ್ಟಿ ಇರೋದು ತಗೊಳ್ಳಿ. ಆದ್ರೆ ಕಾಂಕ್ರೀಟಿನ ಮೇಲೆ ಗೀರು ಬೀಳುತ್ತೆ, ನಡೆಯೋವಾಗ ಕೈ ನಡುಗುತ್ತೆ. ಮೊದಲು ಒಳ್ಳೇ ಟೈರು, ಅದೂ ಸಾಲದಿದ್ರೆ ಚೈನು.

ಹಾಕೋವಾಗ ಎರಡು ಎಚ್ಚರಿಕೆ. ಹಳೇ ಯಂತ್ರಗಳ ಕೆಲವು ರಿಮ್ಮು ಎರಡು ಹೋಳು ಸೇರಿಸಿ ಬೋಲ್ಟು ಹಾಕಿದ್ದಿರುತ್ತೆ. ಗಾಳಿ ಪೂರ್ತಿ ಬಿಡದೆ ಆ ಬೋಲ್ಟು ಮುಟ್ಟಬಾರದು, ಮುಖಕ್ಕೇ ಸಿಡಿಯುತ್ತೆ. ಅಂಚು ಕೂರಲಿಲ್ಲ ಅಂತ ಮಿತಿ ಮೀರಿ ಗಾಳಿ ತುಂಬೋದೂ ಅಷ್ಟೇ ಅಪಾಯ. ಟೈರನ್ನ ಹೀಟರ್ ಪಕ್ಕ ಬೆಚ್ಚಗೆ ಇಟ್ಟು ಮೆದು ಮಾಡಿ, ಅಂಚಿಗೆ ಸೋಪಿನ ನೀರು ಸವರಿ, ಸುತ್ತ ಒಂದು ಪಟ್ಟಿ ಬಿಗಿದು ತುಂಬಿದ್ರೆ ಮರ್ಯಾದೆಯಾಗಿ ಕೂರುತ್ತೆ. 'ವಿ' ಆಕಾರದ ಕಚ್ಚಿದ್ರೆ ಪಕ್ಕೆಯ ಬಾಣದ ಗುರುತು ನೋಡಿ. ಮೇಲಿಂದ ನೋಡಿದಾಗ 'ವಿ'ಯ ಚೂಪು ತುದಿ ಮುಂದಕ್ಕಿರಬೇಕು. ಅಚ್ಚಿಗೆ ಗ್ರೀಸು ಬಳಿಯೋದು ಮರೀಬೇಡಿ, ಮುಂದಿನ ಸಲ ಬಿಚ್ಚೋವಾಗ ನನ್ನ ನೆನೆಸ್ಕೊಳ್ತೀರಿ.

*

ಈಗ ಆ ಹುಡುಗನ ಮೊದಲ ಮಾತು. "ಇಷ್ಟು ಹಳೇದಕ್ಕೆ ಟೈರಾ?"

ಜೋಡಿ ಟೈರಿಗೆ ನೂರು ಡಾಲರಿನ ಆಸುಪಾಸು. ಹೊಸ ಟೂ-ಸ್ಟೇಜ್ ಯಂತ್ರಕ್ಕೆ ಸಾವಿರದ ಮೇಲೆ. ದುಡ್ಡಿನ ಲೆಕ್ಕ ಇಷ್ಟಕ್ಕೇ ಮುಗಿಯುತ್ತೆ. ಆದ್ರೆ ನನ್ನನ್ನ ಕಾಡೋದು ದುಡ್ಡಲ್ಲ. ಚಕ್ರ ಜಾರೋದನ್ನ ಯಂತ್ರದ ಮುಪ್ಪು ಅಂತ ತಿಳ್ಕೊಂಡು, ಗಟ್ಟಿಮುಟ್ಟಾದ ಗೇರ್ ಬಾಕ್ಸು, ದಪ್ಪ ತಗಡು, ಒಂದೇ ಎಳೆತಕ್ಕೆ ಎದ್ದೇಳೋ ಎಂಜಿನ್ನು ಇರೋ ಯಂತ್ರಗಳನ್ನ ಜನ ರಸ್ತೆ ಬದಿಗೆ ತಂದು ನಿಲ್ಲಿಸ್ತಾರಲ್ಲ, ಅದು. ಗೇರ್ ಬಾಕ್ಸು ಒಡೆದಿದ್ರೆ, ಅಚ್ಚಿನ ಬುಶ್ ತಿಂದುಹೋಗಿ ಚಕ್ರ ಅಲ್ಲಾಡ್ತಿದ್ರೆ, ಆ ರಿಪೇರಿಗೆ ಯಂತ್ರದ ಬೆಲೆಗಿಂತ ಹೆಚ್ಚಾಗುತ್ತೆ ಅಂದ್ರೆ, ಖಂಡಿತ ಬಿಟ್ಟುಬಿಡಿ, ನಾನು ಹಳೇ ಸಾಮಾನಿನ ಭಕ್ತನಲ್ಲ. ಆದ್ರೆ ಬರೀ ಕಾಲು ಜಾರಿದ್ದಕ್ಕೆ ಮನುಷ್ಯನನ್ನೇ ಮನೆಯಿಂದ ಆಚೆ ಹಾಕ್ತೀವಾ? ಮೊದಲು ಚಪ್ಪಲಿ ಬದಲಾಯಿಸಿ ನೋಡ್ತೀವಿ. ಸವೆದ ಲಾರಿ ಟೈರಿಗೆ ಹೊಸ ರಬ್ಬರು ಹಾಕಿಸಿ ಇನ್ನೊಂದು ಮಳೆಗಾಲ ಓಡಿಸೋ ಊರಿಂದ ಬಂದವರು ನಾವು. ಇಲ್ಲಿಗೆ ಬಂದು ಹಸಿರು ಕಾರ್ಡಿನ ಜೊತೆ ಆ ಬುದ್ಧಿಯನ್ನ ಯಾಕೆ ಒಪ್ಪಿಸಿಬಿಡಬೇಕು?

ನನ್ನ ಯಂತ್ರದಲ್ಲಿ ಬದಲಾಗಿದ್ದು ಟೈರಷ್ಟೇ. ಅದೇ ಎಂಜಿನ್ನು, ಅದೇ ಗೇರು, ಅದೇ ಇಳಿಜಾರು. ಈಗ ಪ್ಲೋ ಕಟ್ಟಿದ ಗೋಡೆಗೆ ಮೂತಿ ಇಟ್ಟರೆ ಯಂತ್ರ ತಾನೇ ಅಗೀತಾ ಹೋಗುತ್ತೆ, ನಾನು ಹಿಂದೆ ಹ್ಯಾಂಡಲ್ ಹಿಡಿದು ನಡೀತೀನಿ. ಏದುಸಿರು ಇಲ್ಲ. ಐವತ್ತು ದಾಟಿದ ಎದೆಗೆ ಅದಕ್ಕಿಂತ ಇನ್ನೇನು ಬೇಕು ಹೇಳಿ.

ಹಾಂ, ಟೈರಿಗೆ ಸಂಬಂಧ ಇಲ್ಲದಿದ್ರೂ ಒಂದು ಮಾತು ಹೇಳದೆ ಮುಗಿಸಲ್ಲ. ಹಿಮ ಸಿಕ್ಕಿಕೊಂಡಾಗ ಎಂಜಿನ್ ಆಫ್ ಮಾಡಿದ್ದೀನಲ್ಲ ಅಂತ ಕೈ ಒಳಗೆ ಹಾಕ್ಬೇಡಿ. ಬೆಲ್ಟಿನಲ್ಲಿ ಉಳಿದ ಬಿಗುವಿಗೆ ಇಂಪೆಲ್ಲರು ಒಂದು ಗಿರಕಿ ಹೊಡೆದ್ರೆ ಬೆರಳು ಹೋಯ್ತು. ಆಫ್ ಮಾಡಿ, ನಿಲ್ಲೋತನಕ ಕಾಯಿರಿ, ಆಮೇಲೆ ಕೋಲಿನಿಂದ ತೆಗೀರಿ. ಟೈಪು ಮಾಡೋಕೆ ಬೆರಳು ಬೇಕಲ್ರೀ, ಇಲ್ಲಾಂದ್ರೆ ನಿಮ್ಮ ಬ್ಲಾಗು ಬರೆಯೋರು ಯಾರು?

ಡಕೋಟಾ, ಮಿನ್ನೆಸೋಟಾ, ಟೊರೊಂಟೋ ಕಡೆ ಇರೋರೂ ಹಿಮ ಕಂಡವರೇ. ಚೈನಿನ ಪರ ವಾದ ಮಾಡೋರು ಇದ್ದೇ ಇರ್ತೀರಿ. ಏನಂತೀರಿ?